ಸಿರಿ ಬಂದ ಮನೆಯ ಸಂಪ್ರದಾಯ

ಪರ್ಲ್ ಬಕ್ ಅವರ ‘ದಿ ಗುಡ್ ಅರ್ಥ್’ ಕಾದಂಬರಿಯ ಮಾತು ಬಂದಾಗಲೆಲ್ಲ ನನಗೆ ಕೇಳಿಸುವುದು ಒಂದೇ ತೀರ್ಪು: ದುಡ್ಡು ಬಂತು, ಮನೆತನ ಕೆಟ್ಟಿತು. ಅಪ್ಪ ವಾಂಗ್ ಲುಂಗ್ ಮಣ್ಣನ್ನು ನಂಬಿದವನು, ಮಕ್ಕಳು ಮಣ್ಣನ್ನು ಮಾರುವವರು. ಪರೀಕ್ಷೆಯ ಉತ್ತರಕ್ಕೆ ಇಷ್ಟು ಸಾಕು. ಕಾದಂಬರಿಗೆ ಸಾಲದು ಎಂಬುದು ನನ್ನ ತಕರಾರು.

1931ರಲ್ಲಿ ಪ್ರಕಟವಾಗಿ ಮರುವರ್ಷವೇ ಪುಲಿಟ್ಜರ್ ಪಡೆದ ಈ ಕೃತಿಯ ಲೇಖಕಿ ಚೀನಾದಲ್ಲಿ ಬೆಳೆದವರು, ಆನ್‌ಹುಯಿ ಪ್ರಾಂತದ ರೈತರ ನಡುವೆ ಕೆಲವು ವರ್ಷ ಬದುಕಿದವರು. ಹಳ್ಳಿಯ ಸಂಪ್ರದಾಯದ ಒಳಹೊರಗು ಅವರಿಗೆ ಗೊತ್ತಿತ್ತು. ಅದಕ್ಕೇ ಮೊದಲ ಅಧ್ಯಾಯದಲ್ಲೇ ಓ-ಲಾನ್‌ಳನ್ನು ತಂದು ನಿಲ್ಲಿಸುತ್ತಾರೆ. ಬರಗಾಲದಲ್ಲಿ ಹೆತ್ತವರೇ ಹ್ವಾಂಗ್ ಮನೆತನಕ್ಕೆ ಮಾರಿದ ಹುಡುಗಿ ಅವಳು. ಮಗಳನ್ನು ಮಾರುವ ರೂಢಿ ವಾಂಗ್ ಲುಂಗನ ಕೈಗೆ ಕಾಸು ಸೇರುವ ಮೊದಲೇ ಅಲ್ಲಿತ್ತು.

ಇನ್ನು ಪಾದಗಳ ಕಥೆ ನೋಡಿ. ಚಿಕ್ಕವಳಿದ್ದಾಗಲೇ ಮಾರಿಹೋದ ಓ-ಲಾನ್‌ಳ ಪಾದಗಳನ್ನು ಯಾರೂ ಬಿಗಿದು ಕಟ್ಟಿರಲಿಲ್ಲ. ಆ ದೊಡ್ಡ ಪಾದಗಳ ಮೇಲೆ ನಿಂತೇ ಅವಳು ಗಂಡನ ಸರಿಸಮಕ್ಕೆ ಗುದ್ದಲಿ ಹಿಡಿದಳು, ಹೆತ್ತ ದಿನವೇ ಹೊಲಕ್ಕೆ ಮರಳಿದಳು. ಸಿರಿ ಬಂದ ಮೇಲೆ ಗಂಡನಿಗೆ ಅವೇ ಪಾದಗಳು ಅಸಹ್ಯವಾದವು. ಆಗ ಅವಳು ಕಿರಿಯ ಮಗಳ ಪಾದಕ್ಕೆ ಬಟ್ಟೆ ಬಿಗಿಯತೊಡಗುತ್ತಾಳೆ. ನೋವಿಗೆ ನಿದ್ದೆಗೆಟ್ಟ ಹುಡುಗಿ ಒಂದು ದಿನ ಅಪ್ಪನಿಗೆ ಕಾರಣ ಹೇಳುತ್ತಾಳೆ: ಕಟ್ಟದೆ ಬಿಟ್ಟರೆ, ಅಪ್ಪ ಅಮ್ಮನನ್ನು ಪ್ರೀತಿಸದ ಹಾಗೆ, ನಾಳೆ ಗಂಡ ತನ್ನನ್ನು ಪ್ರೀತಿಸುವುದಿಲ್ಲವಂತೆ. ಇಲ್ಲಿ ಹಣ ಯಾವ ಸಂಪ್ರದಾಯವನ್ನು ಸವೆಸಿತು? ಬಡತನದಲ್ಲಿ ಈ ಮನೆಗೆ ಎಟುಕದಿದ್ದ ಸಂಪ್ರದಾಯವೊಂದನ್ನು ಅದು ಹೊಸದಾಗಿ ಕೊಂಡು ತಂದಿತು.

ಉಪಪತ್ನಿಯ ವಿಷಯವೂ ಹಾಗೆಯೇ. ಜಮೀನು ಕೊಳ್ಳಲು ನೆರವಾದ ಒಡವೆಗಳು ಸಿಕ್ಕಿದ್ದು ಓ-ಲಾನ್‌ಗೆ. ಅವುಗಳಲ್ಲಿ ಎರಡೇ ಎರಡು ಮುತ್ತನ್ನು ಅವಳು ತನಗೆಂದು ಕೇಳಿ ಇಟ್ಟುಕೊಂಡಿದ್ದಳು. ವಾಂಗ್ ಲುಂಗ್ ಅವನ್ನೂ ಕಿತ್ತುಕೊಂಡು ಚಹಾದಂಗಡಿಯ ಲೋಟಸ್‌ಗೆ ಕೊಡುತ್ತಾನೆ. ಉಪಪತ್ನಿಯರನ್ನು ಇಟ್ಟುಕೊಳ್ಳುವುದು ಹ್ವಾಂಗರಂಥ ಸಿರಿವಂತರ ಹಳೆಯ ಪದ್ಧತಿ. ಅವನು ಅದನ್ನು ಮುರಿದನೆಂದು ಯಾರು ಹೇಳಬಲ್ಲರು?

ಹಾಗಾದರೆ ಏನೂ ಕಳೆದುಹೋಗಲಿಲ್ಲವೇ? ಹೋಯಿತು. ಮಣ್ಣಿನ ನಂಟು ಹೋಯಿತು. ಜಮೀನು ಮಾರುವುದಿಲ್ಲವೆಂದು ಮುದಿ ಅಪ್ಪನಿಗೆ ಮಾತು ಕೊಡುತ್ತಲೇ ಅವನ ತಲೆಯ ಮೇಲಿಂದ ಪರಸ್ಪರ ನೋಡಿ ನಗುವ ಮಕ್ಕಳ ಮೇಲೆ ನನಗೂ ಸಿಟ್ಟಿದೆ. ಆದರೆ ಧಾನ್ಯದ ಪೇಟೆಯಲ್ಲಿ ಕರಾರುಪತ್ರ ಓದಲಾಗದೆ ನಾಚಿ, ಹಿರಿಮಗನನ್ನು ಹೊಲದಿಂದ ಬಿಡಿಸಿ ಶಾಲೆಗೆ ಕಳಿಸಿದವನು ಅಪ್ಪನೇ. ಹ್ವಾಂಗರ ಹಳೆಯ ಬಂಗಲೆಗೆ ಸಂಸಾರ ಸಾಗಿಸಲು ಒಪ್ಪಿದವನೂ ಅವನೇ. ಮಕ್ಕಳು ಅಲ್ಲಿಂದ ಮುಂದಿನ ಹೆಜ್ಜೆ ಇಟ್ಟರು, ಅಷ್ಟೆ.

ಸಂಪ್ರದಾಯ ಅಳಿಯಿತೆಂದು ಮರುಗುವವರು ಅದು ಯಾರ ಮೈಮೇಲೆ ನಿಂತಿತ್ತು ಎಂದು ಒಮ್ಮೆ ಕೇಳಿಕೊಳ್ಳಬೇಕು. ಮಾರಿಹೋಗಲಿರುವ ಹೊಲಕ್ಕಾಗಿ ಪುಟಗಟ್ಟಲೆ ಅಳುವ ನಮ್ಮ ವಿಮರ್ಶೆ, ಮಾರಿಹೋದ ಹುಡುಗಿಯನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತದೆ. ಆ ಓದನ್ನು ನಾನು ಒಪ್ಪಲಾರೆ.