ಪುಟ್ಟ ದ್ವೀಪ, ಒಂದು ದಿನದ ಸುತ್ತು ಎಂಬ ದುರಾಸೆ

ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪದ ಉದ್ದ ಸುಮಾರು 43 ಕಿಲೋಮೀಟರ್, ಅಗಲ ಹೆಚ್ಚೆಂದರೆ 22. ಒಟ್ಟು ವಿಸ್ತೀರ್ಣ 616 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರವೇ ಅದಕ್ಕಿಂತ ದೊಡ್ಡದು. ಈ ಅಂಕಿಗಳನ್ನು ಮುಂದಿಟ್ಟುಕೊಂಡು ಪ್ರವಾಸದ ಯೋಜನೆ ಹಾಕಲು ಕೂತವರಿಗೆ ಹೊಳೆಯುವುದು ಒಂದೇ ದಾರಿ. ಉತ್ತರದ ಯಾವುದಾದರೂ ರೆಸಾರ್ಟಿನಲ್ಲಿ ರೂಮು ಹಿಡಿಯುವುದು, ಒಂದು ದಿನಕ್ಕೆ ವ್ಯಾನು ಗೊತ್ತುಮಾಡಿ ಇಡೀ ದ್ವೀಪವನ್ನು ಸುತ್ತಿ ಬರುವುದು, ಉಳಿದ ದಿನಗಳನ್ನು ಸಮುದ್ರದಂಡೆಯಲ್ಲಿ ಕಳೆಯುವುದು. ಅಲ್ಲಿನ ಟೂರ್ ಕಂಪನಿಗಳೂ ಇದನ್ನೇ ಮಾರುತ್ತವೆ. ಮೂರು-ನಾಲ್ಕು ದಿನ ಮಾತ್ರ ಕೈಯಲ್ಲಿರುವವರು ಮೊದಲು ಕೈಬಿಡಬೇಕಾದದ್ದು ಈ ಒಂದು ದಿನದ ಸುತ್ತನ್ನೇ ಎಂಬುದು ನನ್ನ ವಾದ. ಅಷ್ಟು ದೂರದ ದ್ವೀಪದ ವಿಚಾರ ಕನ್ನಡ ಪತ್ರಿಕೆಯಲ್ಲಿ ಯಾಕೆ ಎಂದು ಹುಬ್ಬೇರಿಸುವವರೂ ಇರಬಹುದು. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನವಿಲ್ಲ, ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು, ನಿಜ. ಆದರೆ ನ್ಯೂಜೆರ್ಸಿಯಲ್ಲೋ ಟೆಕ್ಸಸ್‌ನಲ್ಲೋ ನೆಲೆಸಿರುವ ಮಕ್ಕಳ ಮನೆಗೆ ಹೋದ ನಮ್ಮವರನ್ನು ಇಂಥ ಕಡೆಗೆ ಕರೆದೊಯ್ಯುವ ರೂಢಿ ಈಗ ಹೊಸದಲ್ಲ. ರಜೆ ನಾಲ್ಕೇ ದಿನ, ಜೊತೆಯಲ್ಲಿ ವಯಸ್ಸಾದವರು. ಯೋಜನೆ ಎಡವಿದರೆ ಸರಿಪಡಿಸಿಕೊಳ್ಳಲು ಬಿಡುವೇ ಇರುವುದಿಲ್ಲ.

ಈ ದ್ವೀಪದಲ್ಲಿ ಕಿಲೋಮೀಟರ್ ಲೆಕ್ಕ ನಂಬಿದರೆ ಕೆಟ್ಟಂತೆಯೇ. ನಡುವೆ ಉತ್ತರ-ದಕ್ಷಿಣವಾಗಿ ಬೆಟ್ಟಸಾಲು ಹಬ್ಬಿದೆ. ದೊಡ್ಡ ವಿಮಾನಗಳು ಇಳಿಯುವ ಹೆವನೋರಾ ನಿಲ್ದಾಣ ದಕ್ಷಿಣ ತುದಿಯ ವ್ಯೂ ಫೋರ್ಟ್‌ನಲ್ಲಿದ್ದರೆ, ಹೋಟೆಲುಗಳ ದೊಡ್ಡ ಗುಂಪು ಉತ್ತರ ತುದಿಯ ರಾಡ್ನಿ ಬೇ ಸುತ್ತಮುತ್ತ ಇದೆ. ಅಲ್ಲಿಂದ ಇಲ್ಲಿಗೆ ಸುಮಾರು ಒಂದೂವರೆ ಗಂಟೆಯ ದಾರಿ. ಅದು ಪೂರ್ವ ಕರಾವಳಿ ಹಿಡಿದು ಡೆನರಿಯವರೆಗೆ ಸಾಗಿ, ಬಾರ್ ಡೆ ಲೀಲ್ ಎಂಬ ಮಳೆಕಾಡಿನ ಏರು ಹತ್ತಿಳಿದು ರಾಜಧಾನಿ ಕ್ಯಾಸ್ಟ್ರೀಸ್ ಸೇರುತ್ತದೆ. ಇದು ಇದ್ದುದರಲ್ಲಿ ಸಲೀಸಾದ ರಸ್ತೆ. ಪಶ್ಚಿಮದ್ದರ ಸ್ವಭಾವವೇ ಬೇರೆ. ಕ್ಯಾಸ್ಟ್ರೀಸ್‌ನಿಂದ ಸೂಫ್ರಿಯೇರ್ ಪಟ್ಟಣದವರೆಗೆ ಒಂದೊಂದು ಕಣಿವೆಗೂ ಇಳಿದು, ಮತ್ತೊಂದು ಗುಡ್ಡಕ್ಕೆ ಏರಿ, ಮೀನುಗಾರರ ಊರುಗಳನ್ನು ಮುಟ್ಟಿ ಮತ್ತೆ ಏರುವ ರಸ್ತೆ ಅದು. ಆಗುಂಬೆ ಘಾಟಿ ಏರುವಾಗ ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಂಡೇ ಹೊರಡುವುದು ಒಳ್ಳೆಯದು. ದ್ವೀಪ ಇರುವುದು ಹೆಚ್ಚುಕಡಿಮೆ ನಮ್ಮ ಶಿವಮೊಗ್ಗದ ಅಕ್ಷಾಂಶದಲ್ಲೇ. ಹಾಗಾಗಿ ಸೂರ್ಯ ವರ್ಷದುದ್ದಕ್ಕೂ ಐದೂವರೆಯಿಂದ ಆರೂಮುಕ್ಕಾಲರೊಳಗೆ ಮುಳುಗಿಬಿಡುತ್ತಾನೆ. ಬೇಸಿಗೆಯಲ್ಲಿ ರಾತ್ರಿ ಎಂಟೂವರೆಯವರೆಗೆ ಬೆಳಕು ಕಂಡು ರೂಢಿಯಾದ ಅಮೆರಿಕದ ಕನ್ನಡಿಗರು ಮರೆಯುವುದು ಇದನ್ನೇ. ಈಗ ಲೆಕ್ಕ ಹಾಕಿ. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಐದಕ್ಕೆ ಮರಳಿದರೆ ಒಂಬತ್ತು ಗಂಟೆ. ಅದರಲ್ಲಿ ನಾಲ್ಕೈದು ಗಂಟೆ ವ್ಯಾನಿನ ಸೀಟಿನಲ್ಲೇ ಹೋಗುತ್ತದೆ, ಊಟಕ್ಕೆ ಒಂದು ಗಂಟೆ. ಮಿಕ್ಕ ಮೂರು-ನಾಲ್ಕು ಗಂಟೆಯನ್ನು ಗಂಧಕದ ಬುಗ್ಗೆ, ಜಲಪಾತ, ಸಸ್ಯೋದ್ಯಾನ, ಕೋಕೋ ತೋಟ, ಫೋಟೊ ತೆಗೆಯುವ ತಿರುವುಗಳಿಗೆ ಹಂಚಿದರೆ ಒಂದೊಂದಕ್ಕೆ ಅರ್ಧ-ಮುಕ್ಕಾಲು ಗಂಟೆಯಷ್ಟೇ ದಕ್ಕುತ್ತದೆ.

ಅದೂ ಯಾವ ಅರ್ಧ ಗಂಟೆ? ಸೇಂಟ್ ಲೂಸಿಯಾದ ಜನಸಂಖ್ಯೆ ಸುಮಾರು 1.8 ಲಕ್ಷ. 2019ರಲ್ಲಿ ಅಲ್ಲಿ ರಾತ್ರಿ ತಂಗಿದ ಪ್ರವಾಸಿಗರು ನಾಲ್ಕು ಲಕ್ಷಕ್ಕೆ ಸ್ವಲ್ಪ ಮೇಲಿದ್ದರೆ, ಕ್ರೂಸ್ ಹಡಗುಗಳಲ್ಲಿ ಬಂದು ಸಂಜೆಗೆ ಮರಳಿದವರ ಸಂಖ್ಯೆ ಏಳು ಲಕ್ಷ ದಾಟಿತ್ತು. ಹಡಗು ಬೆಳಿಗ್ಗೆ ಕ್ಯಾಸ್ಟ್ರೀಸ್ ಬಂದರಿಗೆ ತಾಗುತ್ತದೆ, ಸಾವಿರಾರು ಜನ ಇಳಿಯುತ್ತಾರೆ. ದ್ವೀಪದ ಹೆಸರುವಾಸಿ ಜಾಗಗಳೆಲ್ಲ ಸೂಫ್ರಿಯೇರ್ ಸುತ್ತಲೇ ಇರುವುದರಿಂದ ವ್ಯಾನುಗಳೂ ದೋಣಿಗಳೂ ಆ ಪುಟ್ಟ ಪಟ್ಟಣದತ್ತಲೇ ಹರಿಯುತ್ತವೆ. ಹೆಚ್ಚುಕಡಿಮೆ ಬೆಳಗಿನ ಹತ್ತರಿಂದ ಮಧ್ಯಾಹ್ನದ ಮೂರರವರೆಗೆ ಅಲ್ಲಿ ಕಾಲಿಡಲು ಜಾಗ ಸಿಗುವುದು ಕಷ್ಟ. ಸಂಜೆಗೆ ಹಡಗು ಹೊರಡಬೇಕಾದ್ದರಿಂದ ಮೂರರ ಹೊತ್ತಿಗೆ ಎಲ್ಲರೂ ಹಿಂತಿರುಗಿರುತ್ತಾರೆ. ರಾಡ್ನಿ ಬೇಯಿಂದ ಒಂದು ದಿನದ ಸುತ್ತಿಗೆ ಹೊರಟವರು ಹಡಗಿನವರಲ್ಲದಿದ್ದರೂ ಹಡಗಿನವರ ವೇಳಾಪಟ್ಟಿಯಲ್ಲೇ ಸಿಕ್ಕಿಬೀಳುತ್ತಾರೆ. ತಂಗಲು ನಾಲ್ಕು ರಾತ್ರಿಗೆ ದುಡ್ಡು ಕೊಟ್ಟು, ಅರ್ಧ ದಿನಕ್ಕೆ ಬಂದವರ ಜೊತೆ ಸಾಲಿನಲ್ಲಿ ನಿಲ್ಲುವುದು ಎಂಥ ಜಾಣತನ?

ಆದ್ದರಿಂದ ಮೊದಲ ಎರಡು ರಾತ್ರಿ ಸೂಫ್ರಿಯೇರ್‌ನಲ್ಲೇ ಉಳಿಯಬೇಕು. ವಿಮಾನ ನಿಲ್ದಾಣದಿಂದ ಅಲ್ಲಿಗೆ ಒಂದು ಗಂಟೆಯೊಳಗಿನ ದಾರಿ. ಉತ್ತರಕ್ಕೆ ಹೋಗುವುದಕ್ಕಿಂತ ಹತ್ತಿರ. ಮರುದಿನ ಹಡಗಿನವರು ಬರುವ ಮೊದಲೇ ಗಂಧಕದ ಬುಗ್ಗೆಗಳ ಬಳಿ ಇರಬಹುದು. ಹಿಂದೆಂದೋ ಕುಸಿದ ಜ್ವಾಲಾಮುಖಿಯ ಒಡಲು ಅದು. ಕೊನೆಯ ಬಾರಿ ಹಬೆಯಾಗಿ ಸಿಡಿದದ್ದು 1766ರಲ್ಲಿ. ಈಗಲೂ ಬೂದು-ಹಳದಿ ಬೋಳುನೆಲದ ಕುಳಿಗಳಲ್ಲಿ ಕಪ್ಪು ಕೆಸರುನೀರು ಕೊತಕೊತ ಕುದಿಯುತ್ತಿರುತ್ತದೆ. ಕೊಳೆತ ಮೊಟ್ಟೆಯ ನಾತ ಬಟ್ಟೆಗೂ ಹಿಡಿದುಕೊಳ್ಳುತ್ತದೆ. ಕೆಳಗೆ ಹರಿದು ಆರಿದ ಬಿಸಿನೀರಿನಲ್ಲಿ ಜನ ಮೈಗೆಲ್ಲ ಕೆಸರು ಬಳಿದುಕೊಂಡು ಕೂರುತ್ತಾರೆ. ಇದನ್ನು ಗಡಿಯಾರ ನೋಡುತ್ತ ಮಾಡಲು ಬರುವುದಿಲ್ಲ. ಪಿಟಾನ್‌ಗಳ ವಿಷಯದಲ್ಲಂತೂ ಈ ಮಾತು ಇನ್ನೂ ನಿಜ. ಸಮುದ್ರದಂಚಿನಿಂದಲೇ ನೆಟ್ಟಗೆ ಎದ್ದ ಎರಡು ಶಿಖರಗಳು, ಗ್ರೋ ಪಿಟಾನ್ 770 ಮೀಟರ್, ಪೆಟಿ ಪಿಟಾನ್ 743 ಮೀಟರ್. 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಂದು ದಿನದ ಸುತ್ತಿನವರು ರಸ್ತೆ ತಿರುವಿನಲ್ಲಿ ನಿಂತು ಇವುಗಳ ಮುಂದೆ ಸೆಲ್ಫಿ ತೆಗೆದುಕೊಂಡು ಹೊರಡುತ್ತಾರೆ. ಗ್ರೋ ಪಿಟಾನ್ ಹತ್ತಿಳಿಯಲು ನಾಲ್ಕು ಗಂಟೆಯಾದರೂ ಬೇಕು, ಬಿಸಿಲೇರುವ ಮೊದಲೇ ಹೊರಡಬೇಕು, ಸ್ಥಳೀಯ ಮಾರ್ಗದರ್ಶಕರು ಜೊತೆಗಿರಲೇಬೇಕು. ಹಾದಿ ಶುರುವಾಗುವುದು ಫೋಂ ಜಾಂ ಲೀಬ್ರ್ ಎಂಬ ಹಳ್ಳಿಯಿಂದ. ಫ್ರೆಂಚ್ ಕ್ರಾಂತಿ ಸರ್ಕಾರ 1794ರಲ್ಲಿ ಗುಲಾಮಗಿರಿ ರದ್ದುಮಾಡಿದಾಗ ಬಿಡುಗಡೆಯಾದವರು, ಅದಕ್ಕೂ ಮೊದಲೇ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದ್ದವರು ನೆಲೆಯೂರಿದ ಜಾಗ. ಬ್ರಿಟಿಷರು ಮರಳಿ ಗುಲಾಮಗಿರಿ ಹೇರಬಹುದೆಂಬ ಭಯದಲ್ಲಿ ಅಂಥವರು ಆಯುಧ ಹಿಡಿದರು. 1795ರ ಏಪ್ರಿಲ್‌ನಲ್ಲಿ ಸೂಫ್ರಿಯೇರ್ ಹತ್ತಿರದ ರಬೋ ಎಂಬಲ್ಲಿ ಬ್ರಿಟಿಷ್ ಸೈನ್ಯವನ್ನು ಸೋಲಿಸಿದರು. ಬ್ರಿಟಿಷರು ಕೆಲಕಾಲ ದ್ವೀಪವನ್ನೇ ಬಿಟ್ಟು ಹೋಗಬೇಕಾಯಿತು. ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಹದಿನಾಲ್ಕು ಸಲ ಕೈ ಬದಲಾಯಿಸಿದ ದ್ವೀಪ ಎಂಬುದನ್ನು ಎಲ್ಲ ಕರಪತ್ರಗಳೂ ಹೇಳುತ್ತವೆ. ಆದರೆ ಈ ಜನರ ಕಥೆ ಕೇಳಬೇಕಿದ್ದರೆ ಗುಡ್ಡದ ಬುಡದ ಹಳ್ಳಿಗೇ ಹೋಗಬೇಕು.

ವಯಸ್ಸಾದವರು ಗುಡ್ಡ ಹತ್ತುತ್ತಾರೆಯೇ ಎಂಬ ಪ್ರಶ್ನೆ ಸಹಜ. ಹತ್ತಬೇಕಿಲ್ಲ. ಅವರಿಗೆ ಸೂಫ್ರಿಯೇರ್‌ನ ಕೋಕೋ ತೋಟಗಳಿವೆ. ಅಡಿಕೆ ತೋಟದ ನಡುವೆ ಕೋಕೋ ಬೆಳೆಯುವ ಪುತ್ತೂರು, ಸುಳ್ಯದ ಕಡೆಯವರಿಗೆ ಕಾಯಿ ಒಡೆದು ಬೀಜದ ಮೇಲಿನ ಹುಳಿಸಿಹಿ ತಿರುಳು ಚೀಪುವುದು ಹೊಸದೇನಲ್ಲ. ಆದರೆ ಬೀಜ ಒಣಗಿಸುವ ಅಗಲದ ಹಲಗೆಗಳನ್ನು ಹಳಿಯ ಮೇಲಿಟ್ಟು, ಮಳೆ ಹನಿದೊಡನೆ ಮಾಡಿನಡಿಗೆ ತಳ್ಳಿಬಿಡುವ ಅಲ್ಲಿನ ಏರ್ಪಾಟು ನೋಡಲು ಯಾವ ಕೃಷಿಕನೂ ಅರ್ಧ ಗಂಟೆ ಹೆಚ್ಚು ನಿಲ್ಲುತ್ತಾನೆ. ವ್ಯಾನಿನವನು ಹಾರ್ನ್ ಮಾಡುತ್ತಿದ್ದರೆ ನಿಲ್ಲಲಾದೀತೆ? ಸಾಮಾನು ಕಟ್ಟಿಕೊಂಡು ಹೋಟೆಲ್ ಬದಲಾಯಿಸುವ ಕಿರಿಕಿರಿಯ ಮಾತನ್ನು ನಾನು ಒಪ್ಪುತ್ತೇನೆ. ಆದರೆ ನಾಲ್ಕು ದಿನದಲ್ಲಿ ಒಂದೇ ಒಂದು ಸಲ ಪೆಟ್ಟಿಗೆ ಕಟ್ಟುವುದು ದೊಡ್ಡದೋ, ಮೊಣಕಾಲು ನೋವಿನವರನ್ನು ಒಂದೇ ದಿನ ನಾಲ್ಕೈದು ಗಂಟೆ ತಿರುವು ರಸ್ತೆಯಲ್ಲಿ ಕೂರಿಸುವುದು ದೊಡ್ಡದೋ? ಸೂಫ್ರಿಯೇರ್ ದುಬಾರಿ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಪಿಟಾನ್‌ಗಳಿಗೆ ಮುಖಮಾಡಿದ ರೆಸಾರ್ಟುಗಳ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಪಟ್ಟಣದೊಳಗೆ ಮತ್ತು ಮೇಲಿನ ಗುಡ್ಡಗಳಲ್ಲಿ ಮನೆಯವರೇ ನಡೆಸುವ ಗೆಸ್ಟ್‌ಹೌಸ್‌ಗಳಿವೆ, ಅವುಗಳ ಕಿಟಕಿಯಿಂದಲೂ ಅದೇ ಶಿಖರ ಕಾಣುತ್ತದೆ.

ಹಾಗಾದರೆ ಕ್ರೂಸ್ ಹಡಗನ್ನೇ ಹತ್ತಿದರೆ ಒಂದು ವಾರದಲ್ಲಿ ಐದು ದ್ವೀಪ ನೋಡಬಹುದಲ್ಲ, ಅಷ್ಟು ದೂರ ಹೋದವರು ಒಂದಕ್ಕೇ ಯಾಕೆ ಅಂಟಿಕೊಳ್ಳಬೇಕು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ದುಡ್ಡಿನ ಲೆಕ್ಕದಲ್ಲಿ ಹಡಗು ಅಗ್ಗ. ಊಟ, ಹಾಸಿಗೆ, ಸಾಗಾಟ ಎಲ್ಲ ಒಂದೇ ಬಿಲ್ಲಿನಲ್ಲಿ. ಅಗ್ಗವಾಗಲು ಕಾರಣವೂ ಅದೇ: ಊಟ ಹಡಗಿನಲ್ಲಿ, ನಿದ್ದೆ ಹಡಗಿನಲ್ಲಿ, ಖರೀದಿಯೂ ಬಹುಪಾಲು ಹಡಗಿನಲ್ಲಿ ಅಥವಾ ಬಂದರಿನ ತೆರಿಗೆಯಿಲ್ಲದ ಮಳಿಗೆಗಳಲ್ಲಿ. ದ್ವೀಪಕ್ಕೆ ಉಳಿಯುವುದು ತಲೆಗಂದಾಯ ಮತ್ತು ವ್ಯಾನಿನ ಬಾಡಿಗೆಯಲ್ಲೊಂದು ಪಾಲು. ಒಂದು ಕಾಲಕ್ಕೆ ಬ್ರಿಟನ್ನಿಗೆ ಬಾಳೆಹಣ್ಣು ಮಾರಿ ಬದುಕುತ್ತಿದ್ದ ದೇಶ ಇದು. ಯುರೋಪು ತನ್ನ ಹಳೆಯ ವಸಾಹತುಗಳ ಬಾಳೆಗೆ ಕೊಡುತ್ತಿದ್ದ ರಿಯಾಯಿತಿಯನ್ನು ಅಮೆರಿಕ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳು 1990ರ ದಶಕದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿ ಗೆದ್ದ ಮೇಲೆ ಸಣ್ಣ ಬೆಳೆಗಾರರ ಕೈ ಕಟ್ಟಿತು. ಪ್ರವಾಸಿಗರ ದುಡ್ಡು ಈಗ ಅವರಿಗೆ ಮೇಲುಸಂಪಾದನೆಯಲ್ಲ, ಹೊಟ್ಟೆಪಾಡು. ಇಲ್ಲಿ ನನ್ನ ವಾದ ಧರ್ಮಬೋಧೆಯತ್ತ ವಾಲಿತು ಎನ್ನಿಸಿದರೆ, ಸ್ವಾರ್ಥದ ಲೆಕ್ಕವನ್ನೇ ನೋಡಿ. ಐದು ದ್ವೀಪದಲ್ಲೂ ನೋಡಲು ಸಿಗುವುದು ಅದೇ ಹತ್ತರಿಂದ ಮೂರರ ಹೊತ್ತು, ಅದೇ ಬಂದರು, ಅದೇ ಮಳಿಗೆ. ರಸ್ತೆ ಬೇಡವೆಂದು ಕ್ಯಾಸ್ಟ್ರೀಸ್‌ನಿಂದ ದೋಣಿಯಲ್ಲಿ ಸೂಫ್ರಿಯೇರ್‌ಗೆ ಹೋಗುವವರಿಗೆ ಮಾತ್ರ ನಾನು ಅರ್ಧ ಅಂಕ ಕೊಡುತ್ತೇನೆ. ಪಿಟಾನ್‌ಗಳನ್ನು ನೋಡಬೇಕಾದದ್ದೇ ನೀರಿನ ಮೇಲಿಂದ. ಆದರೆ ಆ ದೋಣಿಗಳೂ ದಡ ಸೇರುವುದು ಜನಜಂಗುಳಿಯ ಹೊತ್ತಿಗೇ.

ಪಶ್ಚಿಮದ ರಸ್ತೆಯನ್ನು ತೆಗಳಿದ್ದಾಯಿತು. ಅದನ್ನು ಒಮ್ಮೆ ಮಾತ್ರ, ದಕ್ಷಿಣದಿಂದ ಉತ್ತರಕ್ಕೆ, ಇಡೀ ದಿನ ಕೊಟ್ಟು ಹೋಗುವವರಿಗೆ ಅದರಷ್ಟು ಚೆಂದದ ದಾರಿ ಇನ್ನೊಂದಿಲ್ಲ. ವಾಹನ ಎಡಬದಿಗೇ ಓಡುವುದರಿಂದ ಊರಿನಿಂದ ಬಂದವರಿಗೆ ಕಾರು ಬಾಡಿಗೆಗೆ ಹಿಡಿಯುವುದು ಸುಲಭ. ಅಮೆರಿಕದಲ್ಲಿ ಇಪ್ಪತ್ತು ವರ್ಷ ಬಲಬದಿಗೆ ಓಡಿಸಿದ ಮಗನಿಗೇ ಕಷ್ಟ. ತಾತ್ಕಾಲಿಕ ಪರವಾನಗಿ ಬಾಡಿಗೆಯವರ ಬಳಿಯೇ ಸಿಗುತ್ತದೆ. ಮಿನಿಬಸ್ಸುಗಳೂ ಇವೆ, ತುಂಬಿದ ಮೇಲಷ್ಟೇ ಹೊರಡುತ್ತವೆ, ಮಧ್ಯಾಹ್ನದ ನಂತರ ವಿರಳ. ಕ್ಯಾಸ್ಟ್ರೀಸ್‌ಗೆ ಮೊದಲು ಸಿಗುವ ರೋಸೋ ಕಣಿವೆಯಲ್ಲಿ ಗೊನೆಗಳಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿದ ಬಾಳೆತೋಟಗಳ ನಡುವೆ ಜಾಕ್ಮೆಲ್ ಎಂಬ ಹಳ್ಳಿಯ ಚರ್ಚ್ ಇದೆ. ದೇಶದ ಧ್ವಜ ರೂಪಿಸಿದ ಕಲಾವಿದ ಡನ್‌ಸ್ಟನ್ ಸೇಂಟ್ ಓಮರ್ 1970ರ ದಶಕದಲ್ಲಿ ಅದರ ಗೋಡೆಯ ಮೇಲೆ ಬೈಬಲ್ಲಿನ ಪವಿತ್ರ ಕುಟುಂಬವನ್ನು ಕಪ್ಪು ಜನರಾಗಿ, ಆ ಕಣಿವೆಯ ಹಳ್ಳಿಗರ ನಡುವೆ ಬರೆದ. ಒಂದು ದಿನದ ಸುತ್ತಿನ ವ್ಯಾನು ಮುಖ್ಯರಸ್ತೆಯಲ್ಲೇ ಮುಂದೆ ಹೋಗಿಬಿಡುತ್ತದೆ. ಅದೇ ಸೇಂಟ್ ಓಮರ್‌ನ ಗೆಳೆಯ ಕವಿ ಡೆರೆಕ್ ವಾಲ್ಕಟ್ 1992ರಲ್ಲಿ ನೊಬೆಲ್ ಪಡೆದ. ಅದಕ್ಕೂ ಹದಿಮೂರು ವರ್ಷ ಮೊದಲು ಇದೇ ದ್ವೀಪದ ಆರ್ಥರ್ ಲೂಯಿಸ್ ಅರ್ಥಶಾಸ್ತ್ರದ ನೊಬೆಲ್ ತಂದಿದ್ದ. ಕ್ಯಾಸ್ಟ್ರೀಸ್‌ನಲ್ಲಿ ಹಿಂದೆ ಕೊಲಂಬಸ್ ಹೆಸರಿದ್ದ ಚೌಕಕ್ಕೆ ಈಗ ವಾಲ್ಕಟ್ ಹೆಸರು. ಪಕ್ಕದಲ್ಲೇ ಸೇಂಟ್ ಓಮರ್ ಚಿತ್ರಿಸಿದ ಪ್ರಧಾನ ಚರ್ಚ್, ಚೌಕದಲ್ಲಿ ನಮ್ಮ ಬೆಂಗಳೂರಿನ ರಸ್ತೆಗಳಿಗೆ ನೆರಳು ಕೊಡುವ ಜಾತಿಯದೇ ಒಂದು ಭಾರಿ ಮಳೆಮರ.

ಯಾವ ತಿಂಗಳು ಹೋಗಬೇಕೆಂಬುದಕ್ಕೆ ಕ್ರಿಕೆಟ್ ಪ್ರೇಮಿಗಳಿಗೆ ಸಾಕ್ಷಿ ಬೇಡ. 2006ರ ಜೂನ್‌ನಲ್ಲಿ ಇದೇ ದ್ವೀಪದ ಗ್ರೋಸ್ ಐಲೆಟ್‌ನಲ್ಲಿ ನಡೆದ ಟೆಸ್ಟ್‌ನಲ್ಲಿ ಸೆಹ್ವಾಗ್ 180, ನಾಯಕ ರಾಹುಲ್ ದ್ರಾವಿಡ್ 140 ಬಾರಿಸಿ, ವೆಸ್ಟ್ ಇಂಡೀಸ್‌ಗೆ ಫಾಲೋ ಆನ್ ಹೇರಿಯೂ ಭಾರತಕ್ಕೆ ಗೆಲ್ಲಲಾಗಲಿಲ್ಲ; ಮಳೆ ಆಟವನ್ನೇ ನುಂಗಿತು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2010ರ ಅಕ್ಟೋಬರ್ ಕೊನೆಯಲ್ಲಿ ಬಂದ ಟೋಮಸ್ ಚಂಡಮಾರುತ ಗುಡ್ಡ ಕುಸಿಸಿ ಸೂಫ್ರಿಯೇರ್ ಕಡೆಯ ರಸ್ತೆಗಳನ್ನೇ ಕಡಿದುಹಾಕಿತ್ತು. ಜನವರಿಯಿಂದ ಏಪ್ರಿಲ್ ಒಣಹವೆಯ ಕಾಲ, ಹಡಗುಗಳೂ ಹೆಚ್ಚು. ಯಾವ ದಿನ ಎಷ್ಟು ಹಡಗು ಎಂಬ ಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ, ವಿಮಾನದ ಟಿಕೆಟ್ಟಿಗಿಂತ ಮುಂಚೆ ಅದನ್ನು ನೋಡಬೇಕು.

ವಾರದ ದಿನವೂ ಮುಖ್ಯ. ಬುಧವಾರ ಇಳಿದರೆ ಎರಡು ರಾತ್ರಿ ಸೂಫ್ರಿಯೇರ್‌ನಲ್ಲಿ ಕಳೆದು ಶುಕ್ರವಾರ ಪಶ್ಚಿಮದ ರಸ್ತೆ ಹಿಡಿಯಬಹುದು. ಶುಕ್ರವಾರ ಸಂಜೆ ದಾರಿಯಲ್ಲೇ ಸಿಗುವ ಆನ್ಸ್ ಲಾ ರೇ ಊರಿನ ಬೀದಿಯಲ್ಲಿ ಮೀನು ಸುಡುವ ಸಂತೆ, ರಾತ್ರಿ ಉತ್ತರದ ಗ್ರೋಸ್ ಐಲೆಟ್‌ನಲ್ಲಿ ಬೀದಿ ಕುಣಿತ. ಮೀನು-ಮಾಂಸ ತಿನ್ನದವರು ಸುಮ್ಮನೆ ಹೆದರುತ್ತಾರೆ. ಕರಾವಳಿಯ ಅಡುಗೆಮನೆಗೆ ಚಿರಪರಿಚಿತವಾದ ಜೀಗುಜ್ಜೆ ಅಲ್ಲಿ ಕೆಂಡದ ಮೇಲೆ ಇಡಿಯಾಗಿ ಸುಟ್ಟು ಸಿಗುತ್ತದೆ; ಬೇಯಿಸಿದ ಬಾಳೆಕಾಯಿ ಅವರ ದಿನನಿತ್ಯದ ಊಟ, ಜೊತೆಗಿರುವ ಉಪ್ಪುಮೀನನ್ನು ಬದಿಗೆ ಸರಿಸಲು ಹೇಳಿದರಾಯಿತು. ಶನಿವಾರ ಕ್ಯಾಸ್ಟ್ರೀಸ್ ಮಾರುಕಟ್ಟೆ ಕಿಕ್ಕಿರಿಯುವ ದಿನ, ಹಳ್ಳಿಗಳಿಂದ ಸೊಪ್ಪು, ಗೆಡ್ಡೆ, ಜಾಯಿಕಾಯಿ ಬರುತ್ತವೆ. ಭಾನುವಾರ ಪೂರ್ವದ ಹೆದ್ದಾರಿಯಲ್ಲಿ ವಿಮಾನ ನಿಲ್ದಾಣಕ್ಕೆ ಮರಳಿದರೆ ದ್ವೀಪದ ಸುತ್ತು ತಾನಾಗಿ ಪೂರ್ತಿಯಾಗಿರುತ್ತದೆ, ಸುತ್ತಿಗೆಂದೇ ಒಂದು ದಿನ ಬಲಿಕೊಡದೆ. ಆ ದಿನ ಅಂಗಡಿಗಳು ಮುಚ್ಚಿರುತ್ತವೆ, ಮಿನಿಬಸ್ಸುಗಳೂ ಅಪರೂಪ. ಟ್ಯಾಕ್ಸಿಯವನಿಗೆ ಶನಿವಾರವೇ ಹೇಳಿಟ್ಟಿರಬೇಕು.