ಅಟ್ಟ ಹೋಯ್ತು, ಓಪನ್ ಕಿಚನ್ ಬಂತು

ಇವತ್ತು ಬೆಳೆ ವಿಷಯ ಅಲ್ಲ, ಮನೆ ವಿಷಯ. ನಮ್ಮ ದೇವಲಾಪುರದ ಸುತ್ತ ಈಗ ಯಾರು ಮನೆ ಕಟ್ಟಿದ್ರೂ ಒಂದೇ ಮಾತು: ಓಪನ್ ಹಾಲ್, ಓಪನ್ ಕಿಚನ್. ನಾನೂ ಹನ್ನೆರಡು ಅಂಕಣದ ತೊಟ್ಟಿ ಮನೆ ಕೆಡವಿ ಹಂಗೇ ಕಟ್ಟಿಸ್ದೆ. ತಪ್ಪು ನಂದೇ. ನೀವು ಮಾಡಬೇಡಿ ಅಂತ ಬರೀತಿದೀನಿ.

ಮೊದಲು ಅಡುಗೆ ಮನೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಸೋಫಾ ಮೇಲೆ ಕೂತ ನೆಂಟರೆಲ್ಲ ಕೆಮ್ತಾರೆ. ಗಂಡಸರು ಬಂದು ಕೂತ್ರೆ ಹೆಣ್ಮಕ್ಕಳಿಗೆ ನೆಮ್ಮದಿಯಾಗಿ ಎರಡು ತುತ್ತು ಉಣ್ಣೋಕೆ ಮರೆ ಇಲ್ಲ. ಗೋಡೆ ಕಮ್ಮಿ ಮಾಡಿದ ಮನೆಗಳಿಗೆ ಹೆಸರಾದೋರು ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಅಂತ ಮಗ ಫೋನಲ್ಲಿ ತೋರಿಸ್ದ. 1910ರಲ್ಲಿ ಮುಗಿದ ಅವರ ಷಿಕಾಗೋದ ರೋಬಿ ಮನೇಲಿ ಕೂರೋ ಜಾಗ, ಊಟದ ಜಾಗ ಒಂದೇ ಉದ್ದಕ್ಕೆ ಐತೆ. ಅಡುಗೆ ಮನೆ ಮಾತ್ರ ಹಿಂದ್ಗಡೆ, ಬೇರೆ ಭಾಗದಲ್ಲಿ!

ಎರಡನೇದು ಅಟ್ಟ. ಉಂಡೆ ಕೊಬ್ಬರಿ ಆಗಬೇಕಾದ್ರೆ ಕಾಯಿ 8ರಿಂದ 12 ತಿಂಗಳು ಅಟ್ಟದ ಮೇಲೆ ಒಣಗಬೇಕು. ಅಟ್ಟ ಇಲ್ಲದ ನಾನು ಈಗ ಕಾಯಿ ಕಿತ್ತ ವಾರಕ್ಕೇ ವ್ಯಾಪಾರಿ ಹೇಳಿದ ರೇಟಿಗೆ ಕೊಡ್ತೀನಿ. ರಾಗಿ ಮೂಟೆಗಳು ಟಿವಿ ಪಕ್ಕ ಕೂತವೆ.

ಮೂರನೇದು ದುಡ್ಡು. ನಡುವಿನ ಕಂಬ, ಗೋಡೆ ತೆಗೆದ್ರೆ ಮೇಲಿನ ಭಾರ ಎಲ್ಲಾ ಉದ್ದದ ಬೀಮೇ ಹೊರಬೇಕು. ಬೀಮ್ ದಪ್ಪ ಆಗ್ತದೆ, ಕಬ್ಬಿಣ ಜಾಸ್ತಿ ತಿಂತದೆ. ನಾಳೆ ಅಣ್ತಮ್ಮಂದಿರು ಪಾಲಾದ್ರೆ ಅಂಕಣ ಲೆಕ್ಕದಲ್ಲಿ ಹಂಚ್ಕೋಬಹುದಿತ್ತು. ಹಾಲ್ ಹೆಂಗೆ ಹಂಚ್ತೀರಾ?

ಹಳೇದೆಲ್ಲ ಚೆಂದ ಅಂತ ನಾನು ಹೇಳ್ತಿಲ್ಲ. ನಮ್ಮವ್ವ ಕಿಟಕಿ ಇಲ್ಲದ ಕತ್ತಲೆ ಅಡುಗೆ ಮನೇಲಿ ಹೊಗೆ ಕುಡಿದೇ ಕಣ್ಣು ಕೆಡಿಸ್ಕೊಂಡ್ಳು. ಇಂಥೋರು ಜಗಲಿ ದಾಟಬಾರದು ಅನ್ನೋ ಕೆಟ್ಟ ಕಟ್ಟುಪಾಡೂ ಅದೇ ಮನೇಲಿತ್ತು. ಅದು ಹೋಗಲೇಬೇಕಿತ್ತು. ಆದ್ರೆ ಹೊಗೆಗೆ ಮದ್ದು ದೊಡ್ಡ ಕಿಟಕಿ, ಹೊಗೆ ಹೋಗೋ ಕಿಂಡಿ. ಗೋಡೆ ಯಾಕೆ ಒಡೀಬೇಕು?

ತೊಟ್ಟಿಗೆ ಮೇಲಿಂದ ಬೆಳಕು, ಗಾಳಿ, ಮಳೆ ಎಲ್ಲಾ ಬರ್ತಿತ್ತು. ಸುತ್ತ ಪಡಸಾಲೇಲಿ ಹತ್ತು ಜನ ಹತ್ತು ಕೆಲಸ ಮಾಡ್ತಿದ್ರು. ಓಪನ್ ಅಂದ್ರೆ ಅದು ಕಣ್ರಪ್ಪ. ಈಗಿನದು ಆರ್‌ಸಿಸಿ ಮುಚ್ಚಿದ ಡಬ್ಬಿ, ಏಪ್ರಿಲ್‌ನಲ್ಲಿ ಹಗಲೂ ರಾತ್ರಿ ಫ್ಯಾನ್.

ನಕ್ಷೆಗೆ ಒಪ್ಪೋ ಮುಂಚೆ ಮೂರು ಮಾತು ಕೇಳಿ: ಕಾಯಿ ಎಲ್ಲಿ ಹಾಕೋದು, ರಾಗಿ ಎಲ್ಲಿ ಇಡೋದು, ಮನೆ ಹೆಂಗಸರು ಏನಂತಾರೆ. ಮೂರನೇದನ್ನ ನಾನು ಕೇಳಲೇ ಇಲ್ಲ. ಮುಂದಿನ ತಿಂಗಳು ಒಲೆಗೂ ಹಾಲ್‌ಗೂ ನಡುವೆ ಗೋಡೆ ಎತ್ತಿಸ್ತಿದೀನಿ. ಅನುಮಾನ ಇರೋರು ಬಂದು ನೋಡ್ಕೊಂಡು ಹೋಗಿ.