ಯುವಜನರೊಡನೆ: ಅಮಾನತ್ತಿನ ಶಾಲೆ



ನಮ್ಮ ಎಣ್ಣೂರಿನಿಂದ ದಕ್ಷಿಣಕ್ಕೆ ಹೋದರೆ ಸಿಗುವ ಸ್ಟಾನ್ಲಿ ಆಸ್ಪತ್ರೆ ನಿಮಗೆಲ್ಲ ಗೊತ್ತು. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆ ಕಲಿತ ತಿರುಚಿರಾಪಳ್ಳಿಯ ತರುಣರೊಬ್ಬರು ಬೆಂಗಳೂರಿಗೆ ಹೋಗಿ, 1966ರಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅವರೇ 2021ರಲ್ಲಿ ತೀರಿಕೊಂಡ ಡಾ. ಮುಮ್ತಾಜ್ ಅಹ್ಮದ್ ಖಾನ್.

‘ಅಲ್-ಅಮೀನ್’ ಎಂದರೆ ನಂಬಿಕಸ್ಥ. ಮೆಕ್ಕಾದ ಜನ ಪ್ರವಾದಿ ಮುಹಮ್ಮದರನ್ನು ಹಾಗೆ ಕರೆಯುತ್ತಿದ್ದರಂತೆ. ‘ಅಮಾನತ್ತು’ ಎಂಬ ಮಾತೂ ಅದೇ ಮೂಲದ್ದು. ಕನ್ನಡ ಪತ್ರಿಕೆಗಳಲ್ಲಿ ‘ನೌಕರನ ಅಮಾನತು’ ಎಂದು ಓದುತ್ತೀರಿ, ಮೂಲಾರ್ಥ ಬೇರೆ. ಇನ್ನೊಬ್ಬರು ನಂಬಿ ನಮ್ಮ ವಶಕ್ಕೆ ಒಪ್ಪಿಸಿದ ವಸ್ತುವೇ ಅಮಾನತ್ತು. ಧರ್ಮತತ್ತ್ವದಂತೆ ಶಾಲೆ ನಡೆಸುವುದೆಂದರೆ ಬರೀ ಪ್ರಾರ್ಥನೆಯ ಪಾಠವಲ್ಲ. ಮಗುವೂ ಹಣವೂ ಅಮಾನತ್ತು ಎಂದು ತಿಳಿದು ನಡೆಯುವುದು.

ಇದಕ್ಕೆ ನಿಯಮಗಳೂ ಇವೆ. ತೀರ್ಮಾನಗಳು ‘ಶೂರಾ’ದಿಂದ, ಅಂದರೆ ಸಮಾಲೋಚನೆಯಿಂದ ಆಗಬೇಕು. ವಕ್ಫ್ ಆಸ್ತಿಯ ಆದಾಯ ದಾನಿ ಹೇಳಿದ ಉದ್ದೇಶಕ್ಕೇ ಸಲ್ಲಬೇಕು. ಉಳಿತಾಯದ ಶೇಕಡಾ 2.5ರಷ್ಟು ಕೊಡುವ ಜಕಾತ್‌ಗೆ ಖುರಾನು ಎಂಟು ಬಗೆಯ ಹಕ್ಕುದಾರರನ್ನು ಹೇಳಿದೆ. ಆ ಹಣದಿಂದ ಬಡ ಮಗುವಿನ ಫೀಸು ಕಟ್ಟಬಹುದು. ಕಟ್ಟಡ ಕಟ್ಟಬಾರದೆಂದು ಅನೇಕ ಪಂಡಿತರ ಮತ. ಆದ್ದರಿಂದ ಜಕಾತ್ ಲೆಕ್ಕವನ್ನು ಬೇರೆಯಾಗಿಯೇ ಇಡಬೇಕಾಗುತ್ತದೆ.

ಇಂಥ ಶಾಲೆಗಳಿಗೆ ಸಂವಿಧಾನದ 30ನೇ ವಿಧಿಯ ರಕ್ಷಣೆಯಿದೆ. ಆದರೆ ಆಡಳಿತದ ಹಕ್ಕು ದುರಾಡಳಿತದ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು ಕೇರಳ ಶಿಕ್ಷಣ ಮಸೂದೆಯ ಸಂದರ್ಭದಲ್ಲಿ 1958ರಲ್ಲೇ ಹೇಳಿತು. ಸರ್ಕಾರದ ಮಾನ್ಯತೆಯೋ ನೆರವೋ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರಿಗೂ ಧರ್ಮಬೋಧೆ ಹೇರುವಂತಿಲ್ಲ ಎನ್ನುತ್ತದೆ 28ನೇ ವಿಧಿ.

ಇದೆಲ್ಲ ನಮಗೇಕೆ ಎನ್ನುತ್ತೀರಾ? ಅದೇ 30ನೇ ವಿಧಿ ಭಾಷಾ ಅಲ್ಪಸಂಖ್ಯಾತರನ್ನೂ ಹೆಸರಿಸಿದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಕರ್ನಾಟಕದಲ್ಲಿ ಬಹುಸಂಖ್ಯಾತರಾದ ಕನ್ನಡಿಗರು ತಮಿಳುನಾಡಿನಲ್ಲಿ ಅಲ್ಪಸಂಖ್ಯಾತರು. ಅಲ್-ಅಮೀನ್‌ಗೆ ಇರುವ ಹಕ್ಕು ಇಲ್ಲಿ ನಮಗೂ ಇದೆ.

ಹಕ್ಕನ್ನು ಕಾಗದ ಕೊಟ್ಟಿತು; ಉಳಿಸುವವರು ನೀವು. ಹಿರಿಯರು ಬೆವರು ಸುರಿಸಿ ಕೂಡಿಸಿದ ಸಂಘದ ನಿಧಿ, ಭಾನುವಾರದ ಕನ್ನಡ ತರಗತಿ, ಎರಡೂ ಅಮಾನತ್ತೇ. ಮುಂದಿನ ಸರ್ವಸದಸ್ಯರ ಸಭೆಗೆ ತಪ್ಪದೆ ಬನ್ನಿ. ಊಟಕ್ಕೆ ಮಾತ್ರವಲ್ಲ, ಲೆಕ್ಕ ಕೇಳಲೂ ಬನ್ನಿ.